ಬಿರುಗಾಳಿ ಬಂದಾಗ ದುಡಿಯುವವರು ಎಲ್ಲಿ ನಿಲ್ಲಬೇಕು? ಕೆಲಸದ ಸ್ಥಳದಲ್ಲಿ ಆಸರೆಯ ಕೊಠಡಿಯನ್ನು ಆರಿಸುವ ಬಗೆ

ಮಡತ್ತುಕುಳಂ: ನಮ್ಮ ಮಕ್ಕಳು ಶಾಲೆಯಲ್ಲಿರುವ ಹೊತ್ತಿನಲ್ಲಿ ಅವರ ತಂದೆತಾಯಂದಿರು ಎಲ್ಲಿರುತ್ತಾರೆ? ಕೆಲವರು ನೂಲಿನ ಗಿರಣಿಯಲ್ಲಿ, ಕೆಲವರು ವಿದ್ಯುತ್ ಮಗ್ಗದ ಶೆಡ್ಡಿನಲ್ಲಿ, ಕೆಲವರು ತೆಂಗಿನ ನಾರಿನ ಕಣದಲ್ಲಿ, ಕಾಗದದ ಕಾರ್ಖಾನೆಯಲ್ಲಿ, ಕೋಳಿ ಫಾರಂನಲ್ಲಿ ಇರುತ್ತಾರೆ. ಉಳಿದವರು ತೋಟದಲ್ಲಿ ಅಥವಾ ಉದ್ಯೋಗ ಖಾತರಿ ಯೋಜನೆಯ ಕೆರೆ ಕೆಲಸದಲ್ಲಿ ಇರುತ್ತಾರೆ. ಈ ಸ್ಥಳಗಳಲ್ಲಿ ಹೆಚ್ಚಿನವು ತಗಡಿನ ಅಥವಾ ಸಿಮೆಂಟ್ ಶೀಟಿನ ಮಾಡಿನವು. ಕೆಲವಕ್ಕೆ ಮಾಡೇ ಇಲ್ಲ. ಬಿರುಗಾಳಿ ಎದ್ದ ಹೊತ್ತಿಗೆ ‘ಎಲ್ಲಿಗೆ ಓಡಬೇಕು’ ಎಂದು ಯೋಚಿಸಲು ಸಮಯ ಇರುವುದಿಲ್ಲ. ಆ ನಿರ್ಣಯವನ್ನು ಬಿಸಿಲಿನ ದಿನದಲ್ಲಿಯೇ ಮಾಡಿಟ್ಟಿರಬೇಕು. ಅದನ್ನು ಮಾಡುವ ಕ್ರಮವನ್ನು ಕನ್ನಡ ಶಾಲೆಗಳ ಪೋಷಕರಿಗೆ ಸರಳವಾಗಿ ತಿಳಿಸುವುದು ಈ ಲೇಖನದ ಉದ್ದೇಶ. ಇಲ್ಲಿ ಹೇಳುವ ಮಾತು ಮಡತ್ತುಕುಳಕ್ಕೆ ಹೊಂದುವಂತೆಯೇ ತಾಳವಾಡಿ, ಹೊಸೂರು, ಕಾಸರಗೋಡುಗಳಿಗೂ ಹೊಂದುತ್ತದೆ. ಶಾಲೆಯೂ ಒಂದು ಕೆಲಸದ ಸ್ಥಳವೇ. ಅಲ್ಲಿ ಶಿಕ್ಷಕರು, ಅಡುಗೆಯವರು, ಸ್ವಚ್ಛತಾ ಸಿಬ್ಬಂದಿ ದುಡಿಯುತ್ತಾರೆ. ಮಕ್ಕಳು ಅವರ ಆಶ್ರಯದಲ್ಲಿರುತ್ತಾರೆ.

ನಮ್ಮ ಭಾಗದ ಗಾಳಿ ಯಾವ ಬಗೆಯದು?

ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳು ಪಶ್ಚಿಮ ಘಟ್ಟದ ಪಾಲಕ್ಕಾಡು ಕಣಿವೆಯ ಎದುರಿಗಿವೆ. ಘಟ್ಟದ ಗೋಡೆಯಲ್ಲಿ ಇರುವ ಈ ಬಾಗಿಲಿನಿಂದ ಜೂನ್‌ನಿಂದ ಆಗಸ್ಟ್ ವರೆಗೆ ನೈಋತ್ಯ ಮಾರುತ ನುಗ್ಗಿ ಬರುತ್ತದೆ. ಉಡುಮಲೈ, ಪಲ್ಲಡಂ, ಧಾರಾಪುರಂ ಸುತ್ತ ಸಾಲುಸಾಲಾಗಿ ಗಾಳಿಯಂತ್ರಗಳು ನಿಂತಿರುವುದೇ ಅದರ ಬಲಕ್ಕೆ ಸಾಕ್ಷಿ. ಆಡಿ ತಿಂಗಳ ಗಾಳಿಗೆ ಅರೆಯುವ ಕಲ್ಲೂ ಹಾರುತ್ತದೆ ಎಂಬ ತಮಿಳು ಗಾದೆಯನ್ನು ಇಲ್ಲಿಯ ಕನ್ನಡಿಗರೂ ತಮ್ಮದೆಂಬಂತೆ ಆಡುತ್ತಾರೆ. ಆದರೆ ಈ ಗಾಳಿ ವಾರಗಟ್ಟಲೆ ಒಂದೇ ದಿಕ್ಕಿನಿಂದ ಬೀಸುತ್ತದೆ. ಜನರು ಅದಕ್ಕೆ ಹೊಂದಿಕೊಂಡಿದ್ದಾರೆ.

ಹೆಚ್ಚು ಅಪಾಯಕಾರಿಯಾದುದು ಎರಡನೆಯ ಬಗೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಮಧ್ಯಾಹ್ನದ ಕಾವು ಏರಿ, ಸಂಜೆ ಕಪ್ಪು ಮೋಡ ಕವಿದು, ಗುಡುಗು ಸಿಡಿಲಿನೊಂದಿಗೆ ಧುತ್ತೆಂದು ಬೀಸುವ ಬಿರುಗಾಳಿ ಇದು. ಹತ್ತು ನಿಮಿಷದಿಂದ ಒಂದು ಗಂಟೆಯೊಳಗೆ ಮುಗಿಯುತ್ತದೆ. ಬರುವ ದಿಕ್ಕನ್ನು ಮೊದಲೇ ಹೇಳಲಾಗದು.

ಮೂರನೆಯದು ಅಕ್ಟೋಬರ್‌ನಿಂದ ಡಿಸೆಂಬರ್ ವರೆಗಿನ ಹಿಂಗಾರಿನ ಕಾಲದ್ದು. ಬಂಗಾಳ ಕೊಲ್ಲಿಯ ಚಂಡಮಾರುತ ನಮ್ಮಲ್ಲಿಗೆ ತಲುಪುವುದರೊಳಗೆ ಬಲಗುಂದಿರುತ್ತದೆ, ನಿಜ. ಆದರೆ 2018ರ ನವೆಂಬರ್ 16ರ ನಸುಕಿನಲ್ಲಿ ನಾಗಪಟ್ಟಿಣಂ ಮತ್ತು ವೇದಾರಣ್ಯಂ ನಡುವೆ ದಡ ಸೇರಿದ ಗಜ ಚಂಡಮಾರುತವು ಸಮುದ್ರತೀರದಲ್ಲಿಯೇ ನಿಲ್ಲಲಿಲ್ಲ. ತಮಿಳುನಾಡಿನ ಒಳನಾಡನ್ನು ದಾಟಿ ಕೇರಳದತ್ತ ಸಾಗಿತು. ಸಮುದ್ರ ದೂರವಿದೆ ಎಂಬ ಸಮಾಧಾನ ಸಾಲದು ಎಂಬುದಕ್ಕೆ ಇದೊಂದೇ ನಿದರ್ಶನ ಸಾಕು. ಈ ಕಾಲದಲ್ಲಿ ಅಮರಾವತಿ ನದಿ ಮತ್ತು ಅದರ ಕಾಲುವೆಗಳ ನೀರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಗಾಳಿಯ ಬಲವನ್ನು ಲೆಕ್ಕದಲ್ಲಿ ನೋಡೋಣ

ಕಟ್ಟಡಗಳ ಮೇಲಿನ ಗಾಳಿಯ ಹೊರೆಯನ್ನು ಲೆಕ್ಕಹಾಕಲು ಭಾರತೀಯ ಮಾನಕ ಸಂಸ್ಥೆಯು ಐಎಸ್ 875 ಎಂಬ ಮಾನಕದ ಮೂರನೆಯ ಭಾಗವನ್ನು ಪ್ರಕಟಿಸಿದೆ. 2015ರಲ್ಲಿ ಅದರ ಪರಿಷ್ಕೃತ ರೂಪ ಬಂದಿತು. ಅದರಲ್ಲಿ ದೇಶವನ್ನು ಗಾಳಿಯ ವೇಗಕ್ಕೆ ಅನುಸಾರವಾಗಿ ಆರು ವಲಯಗಳಾಗಿ ವಿಂಗಡಿಸಲಾಗಿದೆ. ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಕೊಯಮತ್ತೂರಿಗೆ 39 ಮೀಟರ್, ಚೆನ್ನೈಗೆ 50 ಮೀಟರ್ ಎಂದು ಮೂಲ ವೇಗವನ್ನು ಕೊಟ್ಟಿದ್ದಾರೆ. 39 ಮೀಟರ್ ಎಂದರೆ ಗಂಟೆಗೆ ಸುಮಾರು 140 ಕಿ.ಮೀ. ಇದು ದಿನನಿತ್ಯದ ಗಾಳಿಯಲ್ಲ. ಸುಮಾರು 50 ವರ್ಷಕ್ಕೊಮ್ಮೆ ನಿರೀಕ್ಷಿಸಬಹುದಾದ, ಕೆಲವೇ ಸೆಕೆಂಡು ಬೀಸುವ ರಭಸ. ಕಟ್ಟಡ ಕಟ್ಟುವವರು ಅಷ್ಟಕ್ಕಾದರೂ ಸಿದ್ಧರಿರಬೇಕು ಎಂಬುದು ಅದರ ಅರ್ಥ.

ಈ ವೇಗವು ಎಷ್ಟು ಒತ್ತಡವನ್ನು ಉಂಟುಮಾಡುತ್ತದೆ? ವೇಗವನ್ನು ಅದರಿಂದಲೇ ಗುಣಿಸಿ, ಬಂದ ಸಂಖ್ಯೆಯನ್ನು 0.6ರಿಂದ ಗುಣಿಸಿದರೆ ಒಂದು ಚದರ ಮೀಟರಿನ ಮೇಲಿನ ಒತ್ತಡ ನ್ಯೂಟನ್‌ಗಳಲ್ಲಿ ದೊರೆಯುತ್ತದೆ. ಹೈಸ್ಕೂಲಿನ ಮಕ್ಕಳು ಇದನ್ನು ತಾವೇ ಮಾಡಿ ನೋಡಬಹುದು. ಗಂಟೆಗೆ 70 ಕಿ.ಮೀ. ಗಾಳಿಯು ಒಂದು ಚದರ ಮೀಟರನ್ನು ಸುಮಾರು 23 ಕೆ.ಜಿ. ಭಾರದಷ್ಟು ಒತ್ತುತ್ತದೆ. ವೇಗ ಇಮ್ಮಡಿಯಾಗಿ 140 ಕಿ.ಮೀ. ಆದಾಗ ಒತ್ತಡ ಇಮ್ಮಡಿಯಾಗುವುದಿಲ್ಲ, ನಾಲ್ಕು ಮಡಿಯಾಗಿ 92 ಕೆ.ಜಿ.ಗೆ ಏರುತ್ತದೆ. ಮೂರು ಮೀಟರ್ ಉದ್ದ, ಒಂದು ಮೀಟರ್ ಅಗಲದ ಒಂದು ತಗಡಿನ ಮೇಲೆ ಆಗ ಬೀಳುವ ಬಲ ಸುಮಾರು 275 ಕೆ.ಜಿ. ಅದನ್ನು ಹಿಡಿದಿರುವುದು ನಾಲ್ಕಾರು ಕೊಕ್ಕೆಗಳು ಅಥವಾ ತಿರುಪುಗಳು ಮಾತ್ರ.

ಮಾಡಿನ ಅಂಚು ಮತ್ತು ಮೂಲೆಗಳಲ್ಲಿ ಈ ಬಲ ಇನ್ನೂ ಹೆಚ್ಚು. ಅಲ್ಲಿ ಗಾಳಿ ಒತ್ತುವುದಕ್ಕಿಂತ ಮೇಲಕ್ಕೆ ಎಳೆಯುತ್ತದೆ. ಗಾಳಿ ಬರುವ ದಿಕ್ಕಿನ ದೊಡ್ಡ ಬಾಗಿಲು ತೆರೆದಿದ್ದರೆ ಒಳಗೆ ನುಗ್ಗಿದ ಗಾಳಿ ಕೆಳಗಿನಿಂದ ಮಾಡನ್ನು ನೂಕುತ್ತದೆ. ಮೇಲಿನಿಂದ ಎಳೆತ, ಕೆಳಗಿನಿಂದ ನೂಕು ಎರಡೂ ಸೇರಿದಾಗ ಶೆಡ್ಡಿನ ಮಾಡು ಹಾರುತ್ತದೆ. ಲಾರಿ ಒಳಬರುವಷ್ಟು ಅಗಲದ ಬಾಗಿಲಿರುವ ಗೋದಾಮುಗಳು ಬಿರುಗಾಳಿಗೆ ಬೇಗ ಬಲಿಯಾಗುವುದು ಈ ಕಾರಣದಿಂದ.

ಆಸರೆ ಎಂದು ನಂಬಿ ನಿಂತ ಜಾಗವೇ ಅಪಾಯವಾದಾಗ

2024ರ ಮೇ 13ರಂದು ಮುಂಬಯಿಯ ಘಾಟ್‌ಕೋಪರ್‌ನಲ್ಲಿ ಧೂಳಿನ ಬಿರುಗಾಳಿ ಎದ್ದಾಗ ಒಂದು ಪೆಟ್ರೋಲ್ ಬಂಕಿನ ಮೇಲೆ ಬೃಹತ್ ಜಾಹೀರಾತು ಫಲಕ ಕುಸಿಯಿತು. ಅದರ ಅಳತೆ 120 ಅಡಿಗೆ 120 ಅಡಿ. ಹದಿನೇಳು ಮಂದಿ ಮಡಿದರು. ಮಳೆಗಾಳಿಗೆ ಬಂಕಿನ ಮಾಡಿನಡಿ ನಿಲ್ಲುವುದು ನಮ್ಮೆಲ್ಲರ ರೂಢಿ; ಆದರೆ ತಲೆಯ ಮೇಲಿನ ಮಾಡನ್ನು ನೋಡುವವರು ಅದರ ಪಕ್ಕದಲ್ಲಿ ಏನು ನಿಂತಿದೆ ಎಂಬುದನ್ನು ನೋಡುವುದಿಲ್ಲ. ನಮ್ಮ ಕೊಯಮತ್ತೂರು ಜಿಲ್ಲೆಯ ಕರುಮತ್ತಂಪಟ್ಟಿಯ ಬಳಿ 2023ರ ಜೂನ್ 1ರಂದು ಇಂತಹುದೇ ಫಲಕದ ಕಬ್ಬಿಣದ ಚೌಕಟ್ಟು ಗಾಳಿಗೆ ಉರುಳಿ, ಅದನ್ನು ನಿಲ್ಲಿಸುವ ಕೆಲಸದಲ್ಲಿದ್ದ ಮೂವರು ಕಾರ್ಮಿಕರು ಪ್ರಾಣ ಕಳೆದುಕೊಂಡರು.

2019ರ ಡಿಸೆಂಬರ್ 2ರ ನಸುಕಿನಲ್ಲಿ ಮೇಟ್ಟುಪಾಳಯಂ ಬಳಿಯ ನಡೂರಿನಲ್ಲಿ ಸುರಿಮಳೆಗೆ ನೆನೆದ ಎತ್ತರದ ಆವರಣ ಗೋಡೆಯೊಂದು ಪಕ್ಕದ ಮನೆಗಳ ಮೇಲೆ ಬಿದ್ದು 17 ಮಂದಿ ಸತ್ತರು. ಅವರು ಮನೆಯೊಳಗೇ ಇದ್ದರು. ಪಕ್ಕದವರ ಗೋಡೆ ಅವರ ಮೇಲೆ ಬಿತ್ತು. ಆದುದರಿಂದ ಆಸರೆಯನ್ನು ಆರಿಸುವಾಗ ಕೊಠಡಿ ಗಟ್ಟಿಯಾಗಿದೆಯೇ ಎಂಬ ಪ್ರಶ್ನೆಯ ಜೊತೆಗೆ ಅದರ ಮೇಲೆ ಬೀಳಬಲ್ಲದ್ದು ಯಾವುದಾದರೂ ಇದೆಯೇ ಎಂದೂ ಕೇಳಬೇಕು.

ಅಮೆರಿಕದ ಇಲಿನಾಯ್ ರಾಜ್ಯದ ಎಡ್ವರ್ಡ್ಸ್‌ವಿಲ್ ಎಂಬಲ್ಲಿ 2021ರ ಡಿಸೆಂಬರ್ 10ರ ರಾತ್ರಿ ಸುಂಟರಗಾಳಿಯು ಅಮೆಜಾನ್ ಸಂಸ್ಥೆಯ ಗೋದಾಮೊಂದನ್ನು ಕೆಡವಿ ಆರು ಮಂದಿಯನ್ನು ಕೊಂದಿತು. ಅಲ್ಲಿ ಆಸರೆಯ ಜಾಗ ಗೊತ್ತುಮಾಡಿದ್ದರು. ಅದು ಕಟ್ಟಡದ ಉತ್ತರ ಭಾಗದಲ್ಲಿತ್ತು. ಆದರೆ ಕೆಲವರು ದಕ್ಷಿಣ ಭಾಗದ ಶೌಚಾಲಯಕ್ಕೆ ಓಡಿದರು. ಕುಸಿದುದು ಆ ಭಾಗವೇ. ಆಸರೆ ಎಲ್ಲಿದೆ ಎಂಬುದು ಕೆಲವು ನೌಕರರ ನೆನಪಿನಲ್ಲಿರಲಿಲ್ಲ; ಎಚ್ಚರಿಕೆ ಕೂಗಲು ಇಟ್ಟಿದ್ದ ಧ್ವನಿವರ್ಧಕವು ಬೀಗ ಹಾಕಿದ ಜಾಲರಿಯೊಳಗಿತ್ತು ಎಂದು ಅಲ್ಲಿಯ ಕಾರ್ಮಿಕ ಸುರಕ್ಷತಾ ಇಲಾಖೆ ತನಿಖೆಯ ನಂತರ ತಿಳಿಸಿತು. ಒಂದು ಕೊಠಡಿಯನ್ನು ಆರಿಸಿದಲ್ಲಿಗೆ ಕೆಲಸ ಮುಗಿಯಲಿಲ್ಲ. ಅದು ಎಲ್ಲರ ಮನಸ್ಸಿನಲ್ಲಿಯೂ ಇರಬೇಕು.

ಮೊದಲು ಬೇಡವಾದುದನ್ನು ಬಿಡುವುದು

ಕೊಠಡಿ ಆರಿಸಲು ಹೊರಟಾಗ ಒಂದು ಕಾಗದದ ಮೇಲೆ ಕೆಲಸದ ಸ್ಥಳದ ನಕ್ಷೆ ಬರೆದುಕೊಂಡು, ಮಾಲೀಕರ ಪರವಾಗಿ ಒಬ್ಬರು, ಕಾರ್ಮಿಕರ ಪರವಾಗಿ ಒಬ್ಬರು, ಕಟ್ಟಡದ ಕೆಲಸ ಬಲ್ಲ ಒಬ್ಬರು ಸೇರಿ ಸುತ್ತಿ ನೋಡಬೇಕು. ಈ ಕೆಳಗಿನ ಜಾಗಗಳಿಗೆ ನಕ್ಷೆಯಲ್ಲಿ ಅಡ್ಡಗೆರೆ ಹಾಕಬೇಕು.

1. ನಡುವೆ ಕಂಬವಿಲ್ಲದ ಅಗಲವಾದ ತಗಡಿನ ಅಥವಾ ಸಿಮೆಂಟ್ ಶೀಟಿನ ಶೆಡ್ಡು. ಮೂರು ಕಡೆ ತೆರೆದ ನಾರಿನ ಕಣ, ಕೋಳಿ ಶೆಡ್ಡು ಇದರಲ್ಲಿ ಸೇರಿವೆ.
2. ಆವರಣ ಗೋಡೆಯ ಮಗ್ಗುಲು. ಗೋಡೆ ವಾಲಿದ್ದರೆ, ನೀರು ಹೋಗಲು ಕಿಂಡಿಯಿಲ್ಲದಿದ್ದರೆ, ಆಚೆ ಬದಿಯ ಮಣ್ಣು ಎತ್ತರದಲ್ಲಿದ್ದರೆ ಅದರ ಹತ್ತಿರವೂ ಸುಳಿಯಬಾರದು. ಗೋಡೆಯ ಎತ್ತರದಷ್ಟಾದರೂ ದೂರವಿರಬೇಕು.
3. ಮರದ ಕೆಳಗೆ, ಅದರಲ್ಲಿಯೂ ತೆಂಗಿನ ಮರದ ಕೆಳಗೆ. ಗಾಳಿಗೆ ಗರಿ, ಕಾಯಿ ಬೀಳುತ್ತವೆ. ಎತ್ತರದ ಒಂಟಿ ಮರಕ್ಕೆ ಸಿಡಿಲು ಹೊಡೆಯುತ್ತದೆ.
4. ಹೊಗೆ ಕೊಳವೆ, ಎತ್ತರದ ನೀರಿನ ತೊಟ್ಟಿ, ಮೊಬೈಲ್ ಗೋಪುರ, ಜಾಹೀರಾತು ಫಲಕ, ಗಾಳಿಯಂತ್ರ ಬಿದ್ದರೆ ತಲುಪುವಷ್ಟು ದೂರದೊಳಗಿನ ಜಾಗ.
5. ವಿದ್ಯುತ್ ಪರಿವರ್ತಕ, ಜನರೇಟರ್, ಬಾಯ್ಲರ್, ಅನಿಲದ ಸಿಲಿಂಡರು, ರಾಸಾಯನಿಕ, ಹತ್ತಿಯ ಮೂಟೆ, ಕಾಗದದ ಅಟ್ಟಿ ಇರುವ ಕೊಠಡಿ.
6. ದೊಡ್ಡ ಗಾಜಿನ ಕಿಟಕಿಗಳ ಕಚೇರಿ ಮತ್ತು ಮೇಲಿನ ಮಹಡಿಯ ಹೊರ ಮೂಲೆಯ ಕೊಠಡಿ.
7. ಬಿರುಕು ಬಿಟ್ಟ, ಕಬ್ಬಿಣದ ಸರಳು ಕಾಣುವ, ತಾರಸಿಯಿಂದ ಗಾರೆ ಉದುರುವ ಹಳೆಯ ಕಟ್ಟಡ. ‘ಇಷ್ಟು ವರ್ಷ ನಿಂತಿದೆ’ ಎಂಬುದು ಅದರ ಗಟ್ಟಿತನಕ್ಕೆ ಪ್ರಮಾಣವಾಗುವುದಿಲ್ಲ.

ಉಳಿದುದರಲ್ಲಿ ಒಂದನ್ನು ಆರಿಸುವುದು

ಅಡ್ಡಗೆರೆ ಹಾಕಿದ ಮೇಲೆ ನಕ್ಷೆಯಲ್ಲಿ ಸಾಮಾನ್ಯವಾಗಿ ಎರಡು ಮೂರು ಜಾಗಗಳು ಮಾತ್ರ ಉಳಿಯುತ್ತವೆ: ಕಚೇರಿಯ ಒಳಕೊಠಡಿ, ಬಿಡಿಭಾಗಗಳ ಉಗ್ರಾಣ, ಕಾಂಕ್ರೀಟ್ ತಾರಸಿಯ ಶೌಚಾಲಯ, ಊಟದ ಕೋಣೆ, ಮೆಟ್ಟಿಲಿನ ಕೆಳಗಿನ ಜಾಗ. ಇವುಗಳಲ್ಲಿ ಆರಿಸುವಾಗ ನೆಲಮಹಡಿಯಲ್ಲಿರುವುದು, ಕಾಂಕ್ರೀಟ್ ಕಂಬ ಮತ್ತು ತೊಲೆಗಳ ಮೇಲೆ ಕಾಂಕ್ರೀಟ್ ತಾರಸಿ ಕೂತಿರುವುದು, ಕಟ್ಟಡದ ನಡುಭಾಗದಲ್ಲಿರುವುದು, ಕಿಟಕಿ ಕಡಿಮೆಯಿರುವುದು ಮೇಲು. ಚಿಕ್ಕ ಕೊಠಡಿ ದೊಡ್ಡ ಹಜಾರಕ್ಕಿಂತ ಮೇಲು. ಏಕೆಂದರೆ ಹತ್ತಿರ ಹತ್ತಿರದ ಗೋಡೆಗಳು ತಾರಸಿಯನ್ನು ಚೆನ್ನಾಗಿ ಹೊರುತ್ತವೆ. ಕೊನೆಯ ಮಾತನ್ನು ಅರ್ಹ ಸಿವಿಲ್ ಇಂಜಿನಿಯರ್ ಒಬ್ಬರು ನೋಡಿ ಹೇಳಬೇಕು. ಅಂತಹ ಕೊಠಡಿಯೇ ಇಲ್ಲವೆಂದಾದರೆ ಒಂದನ್ನು ಕಟ್ಟಿಸುವುದು ಮಾಲೀಕರ ಹೊಣೆ. ಅದನ್ನು ದಿನನಿತ್ಯ ಊಟದ ಕೋಣೆಯಾಗಿಯೋ ಶಿಶುಗೃಹವಾಗಿಯೋ ಬಳಸಬಹುದು. 1999ರ ಮಹಾ ಚಂಡಮಾರುತದ ನಂತರ ಒಡಿಶಾದ ಕರಾವಳಿಯಲ್ಲಿ ಕಂಬಗಳ ಮೇಲೆ ಎತ್ತರಿಸಿ ಕಟ್ಟಿದ ಆಶ್ರಯ ಕಟ್ಟಡಗಳಲ್ಲಿ ಎಷ್ಟೋ ಕಡೆ ಉಳಿದ ದಿನಗಳಲ್ಲಿ ಶಾಲೆ ನಡೆಯುತ್ತದೆ. ಬಳಕೆಯಲ್ಲಿರುವ ಕಟ್ಟಡಕ್ಕೆ ಬೀಗ ತುಕ್ಕು ಹಿಡಿಯುವುದಿಲ್ಲ, ದಾರಿ ಮರೆಯುವುದಿಲ್ಲ.

ಅಮೆರಿಕದಲ್ಲಿ ಸುಂಟರಗಾಳಿಗೆಂದು ಕಟ್ಟುವ ಸುರಕ್ಷಿತ ಕೊಠಡಿಗಳನ್ನು ಗಂಟೆಗೆ 400 ಕಿ.ಮೀ. ವೇಗದ ಗಾಳಿಗೆ ತಡೆಯುವಂತೆ ರೂಪಿಸುತ್ತಾರೆ. ನಮ್ಮ ಭಾಗಕ್ಕೆ ಅಷ್ಟು ಬೇಕಿಲ್ಲ. ಆದರೆ ಜಾಗದ ಲೆಕ್ಕದಲ್ಲಿ ಅಲ್ಲಿಯ ಪದ್ಧತಿ ನಮಗೂ ಉಪಯುಕ್ತ. ಸ್ವಲ್ಪ ಹೊತ್ತಿನ ಬಿರುಗಾಳಿಗೆ ತಲೆಗೆ 5 ಚದರ ಅಡಿ, ಗಾಲಿಕುರ್ಚಿಯಲ್ಲಿರುವವರಿಗೆ 10 ಚದರ ಅಡಿ, ರಾತ್ರಿಯಿಡೀ ಉಳಿಯಬೇಕಾದ ಚಂಡಮಾರುತಕ್ಕೆ ತಲೆಗೆ 20 ಚದರ ಅಡಿ. ಒಂದು ಪಾಳಿಯಲ್ಲಿ 100 ಮಂದಿ ಇದ್ದರೆ 500 ಚದರ ಅಡಿ ಬೇಕು. ಇಪ್ಪತ್ತು ಅಡಿಗೆ ಇಪ್ಪತ್ತೈದು ಅಡಿಯ ಕೊಠಡಿ ಸಾಕೆಂದು ತೋರುತ್ತದೆ. ಆದರೆ ಅದರಲ್ಲಿ ಮೇಜು, ಕಪಾಟು, ಸಾಮಾನು ಅರ್ಧ ಜಾಗವನ್ನು ಹಿಡಿದಿದ್ದರೆ ಅಲ್ಲಿ ಐವತ್ತು ಮಂದಿ ಮಾತ್ರ ನಿಲ್ಲಬಲ್ಲರು. ಆಗ ಸಾಮಾನು ತೆಗೆಯಬೇಕು ಇಲ್ಲವೆ ಇನ್ನೊಂದು ಕೊಠಡಿ ಬೇಕು. ಪಾಳಿ ಬದಲಾಗುವ ಹೊತ್ತಿನಲ್ಲಿ ಎರಡು ಪಾಳಿಯವರೂ ಒಳಗಿರುತ್ತಾರೆ ಎಂಬುದನ್ನು ಮರೆಯಬಾರದು.

ದೂರದ ಲೆಕ್ಕವೂ ಅಷ್ಟೇ ಮುಖ್ಯ. ಗರ್ಭಿಣಿಯರು, ವಯಸ್ಸಾದವರು, ಮಗುವನ್ನು ಎತ್ತಿಕೊಂಡವರು ಸೆಕೆಂಡಿಗೆ ಒಂದು ಮೀಟರಿನಂತೆ ನಡೆಯುತ್ತಾರೆಂದು ಇಟ್ಟುಕೊಂಡರೆ 120 ಮೀಟರ್ ದೂರಕ್ಕೆ ಎರಡು ನಿಮಿಷ ಬೇಕು. ಎಚ್ಚರಿಕೆ ಕೇಳಿ, ಯಂತ್ರ ನಿಲ್ಲಿಸಲು ಇನ್ನೊಂದು ನಿಮಿಷ. ಬಿರುಗಾಳಿ ಇದಕ್ಕಿಂತ ಹೆಚ್ಚು ಬಿಡುವು ಕೊಡುವುದೆಂಬ ಭರವಸೆಯಿಲ್ಲ. ದೊಡ್ಡ ಆವರಣದಲ್ಲಿ ಒಂದು ದೊಡ್ಡ ಆಸರೆಗಿಂತ ಎರಡು ಚಿಕ್ಕ ಆಸರೆಗಳು ಒಳ್ಳೆಯವು. ಬಾಯ್ಲರ್ ಅಥವಾ ಮುಖ್ಯ ಸ್ವಿಚ್ಚನ್ನು ನಿಲ್ಲಿಸಲು ಕೊನೆಯವರೆಗೂ ಉಳಿಯುವವರಿಗೆ ಅಲ್ಲಿಯೇ ಸಮೀಪದಲ್ಲಿ ಪ್ರತ್ಯೇಕ ಆಸರೆ ಗೊತ್ತುಮಾಡಬೇಕು.

ಬಾಗಿಲು ಹೊರಕ್ಕೆ ತೆರೆಯುವಂತಿರಬೇಕು. ಸಾಧ್ಯವಾದಲ್ಲಿ ಎರಡು ಇರಬೇಕು. ಕೆಲಸದ ಹೊತ್ತಿನಲ್ಲಿ ಬೀಗ ಹಾಕಿರಬಾರದು. 2004ರ ಜುಲೈ 16ರಂದು ಕುಂಭಕೋಣಂ ಶಾಲೆಯ ಬೆಂಕಿಯಲ್ಲಿ 94 ಮಕ್ಕಳು ತೀರಿಕೊಂಡರು. ಹುಲ್ಲು ಮಾಡು ಮತ್ತು ಇಕ್ಕಟ್ಟಾದ ದಾರಿ ಎರಡೂ ಸೇರಿ ಆ ದುರಂತವಾಯಿತು. ಗಾಳಿಗೆಂದು ಒಳಸೇರಿದವರು ಬೆಂಕಿ ಬಂದರೆ ಹೊರಬರಲಾಗದಂತಹ ಕೊಠಡಿಯು ಆಸರೆಯೆನಿಸದು.

ಗಾಳಿಗೆ ಒಂದು, ನೀರಿಗೆ ಇನ್ನೊಂದು

ಗಾಳಿಯಿಂದ ಪಾರಾಗಲು ಕೆಳಗೆ ಇಳಿಯಬೇಕು, ನೀರಿನಿಂದ ಪಾರಾಗಲು ಮೇಲೆ ಏರಬೇಕು. ಅಮರಾವತಿಯ ದಡದ ಅಥವಾ ಕಾಲುವೆಯ ಬದಿಯ ಘಟಕಗಳಲ್ಲಿ ಈ ಎರಡೂ ಬರಬಹುದು. ಹಿಂದಿನ ನೆರೆಯ ನೀರು ಎಲ್ಲಿಯವರೆಗೆ ಬಂದಿತ್ತು ಎಂಬುದನ್ನು ಊರಿನ ಹಿರಿಯರನ್ನು ಕೇಳಿ ಗೋಡೆಯ ಮೇಲೆ ಗುರುತು ಹಾಕಬೇಕು. ಆಸರೆಯ ನೆಲ ಅದಕ್ಕಿಂತ ಎತ್ತರದಲ್ಲಿರಬೇಕು. ಅದು ಸಾಧ್ಯವಾಗದಿದ್ದರೆ ಗಾಳಿಗೆ ನೆಲಮಹಡಿಯ ಕೊಠಡಿ, ನೆರೆಗೆ ಮೇಲ್ಮಹಡಿಯ ಕೊಠಡಿ ಎಂದು ಬೇರೆ ಬೇರೆಯಾಗಿ ನಿಶ್ಚಯಿಸಿ, ಯಾವ ಎಚ್ಚರಿಕೆಗೆ ಯಾವುದು ಎಂದು ಎಲ್ಲರಿಗೂ ತಿಳಿಸಬೇಕು.

ಸಿಡಿಲಿನದು ಮೂರನೆಯ ಲೆಕ್ಕ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ ನಮ್ಮ ದೇಶದಲ್ಲಿ ಸಿಡಿಲಿಗೆ 2021ರಲ್ಲಿಯೂ 2022ರಲ್ಲಿಯೂ 2,800ಕ್ಕೂ ಹೆಚ್ಚು ಮಂದಿ ಬಲಿಯಾದರು. ಗಾಳಿಗೆ ಹಾರದ ತೆರೆದ ಶೆಡ್ಡು ಸಿಡಿಲಿಗೆ ಆಸರೆಯಾಗದು. ನಾಲ್ಕೂ ಗೋಡೆಯಿರುವ, ತಂತಿ ಮತ್ತು ಕೊಳವೆ ಹಾಯ್ದಿರುವ ಪಕ್ಕಾ ಕಟ್ಟಡ ಸುರಕ್ಷಿತ. ಆದರೆ ಒಳಗೆ ಇದ್ದವರು ನಲ್ಲಿ, ಕಬ್ಬಿಣದ ಕಿಟಕಿ, ತಂತಿ ಜೋಡಿಸಿದ ಯಂತ್ರಗಳನ್ನು ಮುಟ್ಟಬಾರದು. ಕಬ್ಬಿಣದ ಮಾಡಿನ, ಗಾಜು ಮುಚ್ಚಿದ ಬಸ್ಸು ಅಥವಾ ವ್ಯಾನು ಸಿಡಿಲಿಗೆ ಆಗಬಹುದು, ಟ್ರ್ಯಾಕ್ಟರ್ ಆಗದು. ಮಿಂಚು ಕಂಡಾಗಿನಿಂದ ಗುಡುಗು ಕೇಳುವವರೆಗೆ ಎಣಿಸಬೇಕು. ಮೂರು ಸೆಕೆಂಡಿಗೆ ಸುಮಾರು ಒಂದು ಕಿ.ಮೀ. ದೂರ. 30 ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿ.ಮೀ. ಒಳಗಿದೆ ಎಂದರ್ಥ, ಆಗಲೇ ಒಳಗೆ ಹೋಗಬೇಕು. ಕೊನೆಯ ಗುಡುಗು ಕೇಳಿ 30 ನಿಮಿಷ ಕಳೆಯುವವರೆಗೆ ಹೊರಗೆ ಬರಬಾರದು.

ತೋಟದಲ್ಲಿ, ಕೆರೆ ಕೆಲಸದಲ್ಲಿ ಇರುವವರಿಗೆ ಇದು ಹೆಚ್ಚು ಅನ್ವಯಿಸುತ್ತದೆ. ಉದ್ಯೋಗ ಖಾತರಿ ಕಾನೂನು ಕೆಲಸದ ಸ್ಥಳದಲ್ಲಿ ಕುಡಿಯುವ ನೀರು, ನೆರಳು, ಪ್ರಥಮ ಚಿಕಿತ್ಸೆ ಇರಬೇಕೆಂದು ಹೇಳಿತು. ಬಿಸಿಲಿಗೆ ಹಾಕಿದ ನೆರಳಿನ ಚಪ್ಪರ ಸಿಡಿಲಿಗೂ ಗಾಳಿಗೂ ತಡೆಯಲ್ಲ. ಆದುದರಿಂದ ಬೆಳಿಗ್ಗೆ ಕೆಲಸ ಆರಂಭಿಸುವಾಗಲೇ ಸಮೀಪದ ಪಕ್ಕಾ ಕಟ್ಟಡ ಯಾವುದು, ಅದು ತೆರೆದಿರುತ್ತದೆಯೇ ಎಂದು ಮೇಸ್ತ್ರಿಯವರು ಗೊತ್ತುಮಾಡಿ ಹೇಳಬೇಕು. ಶಾಲೆ, ಅಂಗನವಾಡಿ, ಪಂಚಾಯಿತಿ ಕಚೇರಿ ಯಾವುದಾದರೂ ಆಗಬಹುದು. ಬಯಲಿನಲ್ಲಿ ಸಿಕ್ಕಿಬಿದ್ದವರು ಮರವನ್ನು ಬಿಟ್ಟು, ಒಬ್ಬರಿಂದೊಬ್ಬರು ದೂರ ಸರಿದು, ಪಾದಗಳನ್ನು ಜೋಡಿಸಿ ಕುಕ್ಕುರುಗಾಲಿನಲ್ಲಿ ಕೂರಬೇಕು, ಮಲಗಬಾರದು.

ಎಚ್ಚರಿಕೆ ಯಾವ ಭಾಷೆಯಲ್ಲಿ?

ಹವಾಮಾನ ಇಲಾಖೆಯ ಹಳದಿ ಎಚ್ಚರಿಕೆ ಎಂದರೆ ಗಮನಿಸುತ್ತಿರಿ, ಕಿತ್ತಳೆ ಎಂದರೆ ಸಿದ್ಧರಾಗಿರಿ, ಕೆಂಪು ಎಂದರೆ ಕ್ರಮ ಕೈಗೊಳ್ಳಿರಿ. ಗುಡುಗು ಮಳೆಗೆ ಮುಂದಿನ ಮೂರು ಗಂಟೆಗಳ ಸೂಚನೆಯನ್ನೂ ಇಲಾಖೆ ಕೊಡುತ್ತದೆ. ಸಿಡಿಲಿಗೆ ‘ದಾಮಿನಿ’, ಎಲ್ಲ ಬಗೆಯ ವಿಪತ್ತುಗಳಿಗೆ ‘ಸಚೇತ್’ ಎಂಬ ಮೊಬೈಲ್ ಆ್ಯಪ್‌ಗಳು ಉಚಿತವಾಗಿ ದೊರೆಯುತ್ತವೆ. ತಮಿಳುನಾಡಿನಲ್ಲಿ ಜಿಲ್ಲಾ ವಿಪತ್ತು ಸಹಾಯವಾಣಿ 1077, ರಾಜ್ಯದ್ದು 1070. ಪಾಳಿಯ ಮೇಲ್ವಿಚಾರಕರೊಬ್ಬರು ಇದನ್ನು ನೋಡುವ ಹೊಣೆ ಹೊರಬೇಕು. ರಾತ್ರಿ ಪಾಳಿಗೂ ಒಬ್ಬರಿರಬೇಕು.

ನೂಲಿನ ಗಿರಣಿಯ ಸದ್ದಿನಲ್ಲಿ ಸೈರನ್ ಕೇಳಿಸದು. ಆದುದರಿಂದ ಮಿನುಗುವ ದೀಪವೂ ಬೇಕು. ವಿದ್ಯುತ್ತು ಹೋದಾಗಲೂ ಉರಿಯುವ ಬ್ಯಾಟರಿ ದೀಪಗಳು ದಾರಿಯುದ್ದಕ್ಕೂ ಇರಬೇಕು. ಕುಡಿಯುವ ನೀರು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಟಾರ್ಚು, ಸೀಟಿ, ಆ ಪಾಳಿಯವರ ಹೆಸರಿನ ಪಟ್ಟಿ ಆಸರೆಯ ಕೊಠಡಿಯಲ್ಲಿಯೇ ಇರಬೇಕು.

ಇಲ್ಲಿ ಭಾಷೆಯ ಮಾತು ಬರುತ್ತದೆ. ನಮ್ಮ ಎರಡು ಜಿಲ್ಲೆಗಳಲ್ಲಿ ಮನೆಯಲ್ಲಿ ಕನ್ನಡ ಆಡುವ ಕುಟುಂಬಗಳು ತಲೆಮಾರುಗಳಿಂದ ನೆಲೆಸಿವೆ. ಹೆಚ್ಚಿನವರಿಗೆ ತಮಿಳು ಓದಲು ಬರುತ್ತದೆ. ಆದರೆ ಗಡಿಯಾಚೆಯಿಂದ ಮದುವೆಯಾಗಿ ಬಂದ ಹೆಣ್ಣುಮಕ್ಕಳಿಗೆ, ಕನ್ನಡ ಮಾಧ್ಯಮದಲ್ಲಿ ಕಲಿತು ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಅದು ಸುಲಭವಲ್ಲ. ಅದೇ ಶೆಡ್ಡಿನಲ್ಲಿ ಒಡಿಶಾ, ಬಿಹಾರಗಳಿಂದ ಬಂದವರೂ ಇರುತ್ತಾರೆ. ‘ಆಸರೆ ಇಲ್ಲಿದೆ’ ಎಂಬ ಫಲಕವು ತಮಿಳಿನಲ್ಲಿ ಮತ್ತು ಇಂಗ್ಲಿಷಿನಲ್ಲಿ ಮಾತ್ರ ಇದ್ದರೆ ಅದನ್ನು ಓದಲಾರದವರು ಗುಂಪು ಓಡಿದ ಕಡೆಗೆ ಓಡುತ್ತಾರೆ. ಗುಂಪು ತಪ್ಪು ದಿಕ್ಕಿಗೆ ಓಡಿದರೆ ಅವರೂ ಅಲ್ಲಿಗೇ. ಆದುದರಿಂದ ಚಿತ್ರ, ಬಾಣದ ಗುರುತು, ದುಡಿಯುವವರ ಎಲ್ಲ ಭಾಷೆಗಳಲ್ಲಿ ಎರಡೆರಡು ಪದ ಇರಲಿ ಎಂದು ನಾವು ಕೇಳುತ್ತೇವೆ. ಇದು ತಮಿಳಿಗೆ ಎದುರಾದ ಬೇಡಿಕೆಯಲ್ಲ; ಒಬ್ಬ ಕಾರ್ಮಿಕನೂ ಹೊರಗುಳಿಯಬಾರದೆಂಬ ಬೇಡಿಕೆ. ಬರೆಯುವವರು ಸಿಗದಿದ್ದರೆ ಕನ್ನಡದ ಫಲಕವನ್ನು ನಮ್ಮ ಶಾಲೆಯ ಮಕ್ಕಳೇ ಬರೆದುಕೊಡಬಲ್ಲರು.

ಅಭ್ಯಾಸ ಮತ್ತು ನಂತರದ ಕ್ರಮ

ವರ್ಷಕ್ಕೆ ಎರಡು ಬಾರಿಯಾದರೂ, ಏಪ್ರಿಲ್ ಆರಂಭದಲ್ಲಿ ಮತ್ತು ಅಕ್ಟೋಬರ್ ಆರಂಭದಲ್ಲಿ, ಪ್ರತಿ ಪಾಳಿಯಲ್ಲಿಯೂ ಅಭ್ಯಾಸ ನಡೆಸಬೇಕು. ಎಚ್ಚರಿಕೆ ಕೊಟ್ಟ ಕ್ಷಣದಿಂದ ಕೊನೆಯವರು ಒಳಬಂದು ಬಾಗಿಲು ಮುಚ್ಚುವವರೆಗಿನ ಸಮಯವನ್ನು ಗಡಿಯಾರದಲ್ಲಿ ನೋಡಿ ಬರೆದಿಡಬೇಕು. ಐದು ನಿಮಿಷಕ್ಕಿಂತ ಹೆಚ್ಚಾದರೆ ದಾರಿಯಲ್ಲಿಯೋ ಜಾಗದ ಆಯ್ಕೆಯಲ್ಲಿಯೋ ದೋಷವಿದೆ. ಅಭ್ಯಾಸದ ಹೊತ್ತನ್ನು ಕೂಲಿಯಿಂದ ಕಡಿಯಬಾರದು; ಕಡಿದರೆ ಯಾರೂ ಮನಸ್ಸಿಟ್ಟು ಬರುವುದಿಲ್ಲ.

ಗಾಳಿ ನಿಂತ ಮೇಲೆ ಮೊದಲು ತಲೆ ಎಣಿಸಬೇಕು. ಹೊರಗೆ ಹೋಗುವವರು ಬಿದ್ದ ತಂತಿಯನ್ನು ಮುಟ್ಟಬಾರದು, ಅದು ಮುಳುಗಿರುವ ನೀರಿನಲ್ಲಿ ಕಾಲಿಡಬಾರದು. ಮುಖ್ಯ ಸ್ವಿಚ್ಚನ್ನು ವಿದ್ಯುತ್ ಬಲ್ಲವರು ಪರೀಕ್ಷಿಸಿದ ನಂತರವೇ ಹಾಕಬೇಕು. ಅರ್ಧ ಕಿತ್ತು ತೂಗಾಡುವ ತಗಡಿನ ಕೆಳಗೆ ಕೆಲಸ ಮುಂದುವರಿಸಬಾರದು.

ಪೋಷಕರು ಕೇಳಬೇಕಾದ ಪ್ರಶ್ನೆಗಳು

1948ರ ಕಾರ್ಖಾನೆಗಳ ಅಧಿನಿಯಮವು 150ಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಯಲ್ಲಿ ವಿಶ್ರಾಂತಿಯ ಆಸರೆಯನ್ನು, 30ಕ್ಕಿಂತ ಹೆಚ್ಚು ಮಹಿಳೆಯರಿರುವಲ್ಲಿ ಶಿಶುಗೃಹವನ್ನು ವಿಧಿಸಿತು. ಕಾರ್ಮಿಕರ ಸುರಕ್ಷತೆ ಮಾಲೀಕರ ಸಾಮಾನ್ಯ ಕರ್ತವ್ಯವೆಂದೂ ಹೇಳಿತು. ಈ ವಿಷಯಗಳನ್ನು ಒಳಗೊಂಡ ಔದ್ಯೋಗಿಕ ಸುರಕ್ಷತಾ ಸಂಹಿತೆಯನ್ನು ಸಂಸತ್ತು 2020ರಲ್ಲಿ ಅಂಗೀಕರಿಸಿತು. ವಿಶ್ರಾಂತಿಗೆಂದು ಕಟ್ಟಿದ ಕೋಣೆಯನ್ನು ಬಿರುಗಾಳಿಗೂ ತಡೆಯುವಂತೆ ಕಟ್ಟಿದರೆ ಒಂದೇ ಖರ್ಚಿನಲ್ಲಿ ಎರಡು ಕೆಲಸವಾಗುತ್ತದೆ. ಹತ್ತು ಮಂದಿಯ ಮಗ್ಗದ ಶೆಡ್ಡಿಗೆ ಕಾನೂನಿನ ಸಂಖ್ಯೆ ಅನ್ವಯಿಸದೇ ಇರಬಹುದು; ಗಾಳಿ ಆ ಸಂಖ್ಯೆಯನ್ನು ನೋಡಿ ಬೀಸುವುದಿಲ್ಲ. ಅಂತಹ ಕಡೆ ನೆರೆಹೊರೆಯ ನಾಲ್ಕು ಶೆಡ್ಡುಗಳವರು ಸೇರಿ ಒಂದು ಗಟ್ಟಿ ಮನೆಯನ್ನು ಗೊತ್ತುಮಾಡಿಕೊಳ್ಳಬಹುದು.

ಪೋಷಕರು ಈ ವಾರ ತಮ್ಮ ಕೆಲಸದ ಸ್ಥಳದಲ್ಲಿ ಐದು ಪ್ರಶ್ನೆಗಳನ್ನು ಕೇಳಲಿ. ಬಿರುಗಾಳಿ ಬಂದರೆ ನಾವು ಯಾವ ಕೊಠಡಿಗೆ ಹೋಗಬೇಕು? ಅದರ ಮಾಡು ಯಾವುದು? ಅದರ ಪಕ್ಕದಲ್ಲಿ ಬೀಳಬಲ್ಲದ್ದು ಏನಿದೆ? ನಮ್ಮ ಪಾಳಿಯವರೆಲ್ಲ ಅದರಲ್ಲಿ ಹಿಡಿಸುತ್ತಾರೆಯೇ? ಬೀಗದ ಕೈ ಯಾರ ಬಳಿ ಇದೆ? ಜಗಳದ ಧ್ವನಿಯಲ್ಲಿ ಕೇಳಬೇಕಿಲ್ಲ. ಮಾಲೀಕರಲ್ಲಿ ಹೆಚ್ಚಿನವರು ಈ ಪ್ರಶ್ನೆಯನ್ನು ತಮಗೆ ತಾವೇ ಕೇಳಿಕೊಂಡಿರುವುದಿಲ್ಲ, ಅಷ್ಟೆ. ಉತ್ತರ ಸಿಗದಿದ್ದರೆ ಕಾರ್ಖಾನೆಗಳ ನಿರೀಕ್ಷಕರಿಗೆ ಅಥವಾ ಜಿಲ್ಲಾಧಿಕಾರಿಗಳ ಕಚೇರಿಗೆ ಅರ್ಜಿ ಬರೆಯಬಹುದು. 2005ರ ವಿಪತ್ತು ನಿರ್ವಹಣಾ ಕಾಯ್ದೆಯಂತೆ ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯವರೇ ಅಧ್ಯಕ್ಷರು. ಅರ್ಜಿಯನ್ನು ಬರೆಯಲು ನೆರವು ಬೇಕಾದವರಿಗೆ ಶಿಕ್ಷಕರಾದ ನಾವು ಸಿದ್ಧರಿದ್ದೇವೆ.

ಶಿಕ್ಷಕ ಬಂಧುಗಳಲ್ಲಿಯೂ ಒಂದು ವಿನಂತಿ. ಏಳನೆಯ ತರಗತಿಯಿಂದ ಮೇಲಿನ ಮಕ್ಕಳಿಗೆ ಶಾಲೆಯ ನಕ್ಷೆ ಬರೆಯುವ ಮನೆಗೆಲಸ ಕೊಡೋಣ. ಯಾವ ಕೊಠಡಿಗೆ ಕಾಂಕ್ರೀಟ್ ತಾರಸಿ, ಯಾವುದಕ್ಕೆ ಶೀಟು, ಆವರಣ ಗೋಡೆ ಎಲ್ಲಿ ವಾಲಿದೆ, ಮರ ಎಲ್ಲಿದೆ ಎಂದು ಅವರೇ ಗುರುತಿಸಲಿ. ತಲೆಗೆ 5 ಚದರ ಅಡಿಯ ಲೆಕ್ಕವನ್ನು ಅವರೇ ಮಾಡಲಿ. ಆ ನಕ್ಷೆಯನ್ನು ಶಾಲಾ ನಿರ್ವಹಣಾ ಸಮಿತಿಯ ಮುಂದಿನ ಸಭೆಯಲ್ಲಿ ಇಡೋಣ. ಅದೇ ಮಗು ಸಂಜೆ ಮನೆಗೆ ಹೋಗಿ, ‘ಅಪ್ಪಾ, ನಿಮ್ಮ ಮಿಲ್ಲಿನಲ್ಲಿ ಯಾವ ಕೋಣೆ?’ ಎಂದು ಕೇಳುತ್ತದೆ. ಆ ಪ್ರಶ್ನೆಗೆ ಪ್ರತಿಯೊಬ್ಬ ತಂದೆಯ, ಪ್ರತಿಯೊಬ್ಬ ತಾಯಿಯ ಬಳಿ ಮುಂದಿನ ಬಿರುಗಾಳಿಯ ಕಾಲಕ್ಕೆ ಮುನ್ನ ಉತ್ತರವಿರಬೇಕು.